ಎಪ್ಪತ್ತೊಂದು ಹುಣಸೆ ಬೀಜ

ಇಂದು ಬೆಳಿಗ್ಗೆ ಸೊಸೆ ಅಟ್ಟದ ಮೇಲಿನ ಟ್ರಂಕು ಇಳಿಸಿ ಬಿಸಿಲಿಗಿಟ್ಟಳು. ನನ್ನ ಹಳೆಯ ಕೋಟು, ತುಕ್ಕು ಹಿಡಿದ ಕತ್ತರಿ, ಒಣಗಿದ ಎರಡು ಮಸಿದೌತಿ. ಎಲ್ಲದರ ಅಡಿಯಲ್ಲಿ ಒಂದು ದಪ್ಪ ಬಟ್ಟೆಯ ಚೀಲ. ಅದರ ಬಾಯಿ ಬಿಚ್ಚಿ, ಮೂಸಿ ನೋಡಿ, ಮುಖ ಸಿಂಡರಿಸಿಕೊಂಡು ನನ್ನ ಹತ್ತಿರ ತಂದಳು.

"ಮಾವಾರ, ಹುಣಸಿ ಬೀಜ ಅದಾವ್ರಿ ಇದರಾಗ. ಯಾವ ಕಾಲದ್ದೋ ಏನೋ. ಚೆಲ್ಲಲೇನ್ರಿ?"

"ಬ್ಯಾಡ!" ಎಂದೆ. ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ. ಪಾಪ, ಅವಳು ಬೆಚ್ಚಿಬಿದ್ದು ಚೀಲವನ್ನು ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದಳು. ಮುದುಕನಿಗೆ ಈಚೆಗೆ ತಲೆ ಸರಿಯಿಲ್ಲ ಎಂದುಕೊಂಡಿರಬೇಕು.

ಚೀಲಕ್ಕೆ ಇನ್ನೂ ಸುಣ್ಣದ ವಾಸನೆ ಇದೆ, ಅದರ ಜೊತೆಗೆ ಸ್ವಲ್ಪ ತಂಬಾಕಿನದು. ನಲವತ್ತು ವರ್ಷವಾದರೂ ಹೋಗಿಲ್ಲ. ಬೀಜಗಳನ್ನು ಪಂಚೆಯ ಮೇಲೆ ಸುರಿದು ಎಣಿಸಿದೆ. ಎಪ್ಪತ್ತೊಂದು. ಎಣಿಸುವ ಅಗತ್ಯವೇನೂ ಇರಲಿಲ್ಲ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಆ ಸಂಖ್ಯೆ ಹೇಳಬಲ್ಲೆ. ಆದರೂ ಎಣಿಸಿದೆ. ಎಣಿಸುತ್ತಿದ್ದ ಹಾಗೆ ಕಾಕಾ ನೆನಪಾದರು. ನೆನಪಾದರು ಎನ್ನುವುದೂ ಸುಳ್ಳೇ. ಅವರನ್ನು ಮರೆತದ್ದೇ ಇಲ್ಲ, ಟ್ರಂಕಿನ ತಳಕ್ಕೆ ಹಾಕಿ ಮುಚ್ಚಿಟ್ಟಿದ್ದೆ ಅಷ್ಟೇ.

ಬೆಳಗಾವಿಯಲ್ಲಿ ಆ ದೊಡ್ಡ ಕಾಂಗ್ರೆಸ್ ಅಧಿವೇಶನ ಆಗಿಹೋದ ಮರುವರ್ಷ. ನನಗೆ ಇಪ್ಪತ್ತಾರು ವಯಸ್ಸು, ಮದುವೆಯಾಗಿ ಎರಡು ವರ್ಷ. ಒಬ್ಬ ಜೈನ ಗುತ್ತೇದಾರರ ಹತ್ತಿರ ಕಾರಕೂನನಾಗಿದ್ದೆ. ರಸ್ತೆ, ಮೋರಿ, ಸಾಲೆಯ ಕಟ್ಟಡ, ಧರ್ಮಶಾಲೆ ಹೀಗೆ ಗುತ್ತಿಗೆಯ ಕೆಲಸ ಹಿಡಿದು ಮಾಡಿಸುವವರು ಅವರು. ಊರವರೆಲ್ಲ ಸಾವಕಾರರು ಎನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ಕಾಕಾ ಅವರ ಹಿರಿಯ ಮೇಸ್ತ್ರಿ. ಖಾನಾಪುರ ದಾಟಿ ಸಿಗುವ ಗುಂಜಿಯ ಕಡೆಯವರು, ಕಲ್ಲು ಒಡೆಯುವುದರಿಂದ ಶುರು ಮಾಡಿ ಮೇಲೆ ಬಂದವರು. ಅರವತ್ತರ ಹತ್ತಿರ ವಯಸ್ಸು, ತೆಳ್ಳನೆ ಮೈ, ತಲೆಗೆ ಕೆಂಪು ರುಮಾಲು. ವಡಗಾವಿಯ ಒಂದು ಓಣಿಯಲ್ಲಿ ನೇಕಾರರ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗೆ ಇದ್ದರು. ಅವರ ಹೆಂಡತಿಯನ್ನು ಎಲ್ಲರೂ ಕಾಕೂ ಎನ್ನುತ್ತಿದ್ದರು. ಆಕೆ ನೇಕಾರರಿಗೆ ನೂಲು ಸುತ್ತಿ ಕೊಡುತ್ತಿದ್ದರು. ಒಬ್ಬಳೇ ಮಗಳು, ಗುಂಜಿಯಲ್ಲೇ ಕೊಟ್ಟಿದ್ದರು.

ಆ ಕಾಲದ ಗುತ್ತಿಗೆಯ ರೀತಿ ಈಗಿನವರಿಗೆ ಸ್ವಲ್ಪ ಹೇಳಬೇಕು. ಸರಕಾರಿ ಕಚೇರಿಯವರು ಕೆಲಸದ ನಕ್ಷೆ ಕೊಡುತ್ತಿದ್ದರು. ಯಾವ ಕೆಲಸಕ್ಕೆ ಎಷ್ಟು ದರ ಎಂದು ನಾವು ಒಂದು ಹಾಳೆಯಲ್ಲಿ ಬರೆದು, ಅರಗು ಹಾಕಿ ಮುಚ್ಚಿ, ಅವರ ಪೆಟ್ಟಿಗೆಗೆ ಹಾಕಬೇಕು. ಎಲ್ಲರಿಗಿಂತ ಕಡಿಮೆ ಬರೆದವರಿಗೆ ಕೆಲಸ. ಹೆಚ್ಚು ಬರೆದರೆ ಕೆಲಸ ಸಿಗದು, ತೀರ ಕಡಿಮೆ ಬರೆದರೆ ಮನೆ ಉಳಿಯದು. ಕಚೇರಿಯವರಿಗೆ ಬೇಕಾದದ್ದು ದರ ಮಾತ್ರ. ಆ ದರ ಎಲ್ಲಿಂದ ಬಂತು, ಯಾಕೆ ಅಷ್ಟೇ ಬಂತು ಎಂಬುದು ನಮ್ಮ ಸಾವಕಾರರ ಗಾದಿಯ ಬಳಿ ಇದ್ದ ಕೆಂಪು ಬಟ್ಟೆಯ ಒಂದು ವಹಿಯಲ್ಲಿ, ಅಂದರೆ ಲೆಕ್ಕದ ಪುಸ್ತಕದಲ್ಲಿ, ಇರುತ್ತಿತ್ತು. ಅದಕ್ಕೆ ಆಧಾರದ ವಹಿ ಎಂದು ಹೆಸರು. ಅದನ್ನು ಬರೆಯುವವರು ಕಾಕಾ ಒಬ್ಬರೇ.

ಕಲ್ಲು ಯಾವ ಖಣಿಯಿಂದ, ಎಷ್ಟು ದೂರ, ಗಾಡಿ ದಿನಕ್ಕೆ ಎಷ್ಟು ಖೇಪು ಹೊಡೆಯುತ್ತದೆ, ಸುಣ್ಣ ಸುಡಲು ಕಟ್ಟಿಗೆ ಎಲ್ಲಿಯದು, ಒಬ್ಬ ಗೌಂಡಿ ದಿನಕ್ಕೆ ಎಷ್ಟು ಗೋಡೆ ಏರಿಸುತ್ತಾನೆ, ಮಳೆಗಾಲದಲ್ಲಿ ಎಷ್ಟು ದಿನ ಹಾಳು... ಎಲ್ಲ ಒಂದೊಂದು ಸಾಲು. ಅಕ್ಷರ ಸೊಟ್ಟ, ಕನ್ನಡ ಮರಾಠಿ ಎರಡೂ ಕೂಡಿದ್ದು. ಆದರೆ ಪ್ರತಿ ಸಾಲಿನ ಕೊನೆಗೆ ತಪ್ಪದೆ ಒಂದು ಮಾತು ಇರುತ್ತಿತ್ತು. ಒಂದೋ 'ನಡೆದದ್ದು', ಇಲ್ಲ 'ಕೇಳಿದ್ದು'. ಸ್ವತಃ ಹೋಗಿ ನಡೆದು ನೋಡಿದ್ದಾದರೆ ನಡೆದದ್ದು. ಬೇರೆಯವರ ಬಾಯಿಂದ ತಿಳಿದದ್ದಾದರೆ ಕೇಳಿದ್ದು. ಕೇಳಿದ್ದು ಎಂದು ಬರೆದ ಸಾಲಿನ ದರವನ್ನು ಸಾವಕಾರರು ಒಂದಕ್ಕೆ ಒಂದೂವರೆ ಮಾಡಿ ಹಿಡಿಯುತ್ತಿದ್ದರು, ದೊಡ್ಡ ಬಾಬತ್ತಾದರೆ ಮತ್ತೊಬ್ಬರನ್ನು ಕಳಿಸಿ ನೋಡಿಸುತ್ತಿದ್ದರು. ನಡೆದದ್ದು ಎಂದಿದ್ದರೆ ಮಾತಿಲ್ಲ, ಹಾಗೇ ಹಾಳೆಗೆ ಇಳಿಸುತ್ತಿದ್ದರು. ಊರಿನ ಬೇರೆ ಗುತ್ತೇದಾರರು ಕೂಡ, "ಕಾಕಾ ನಡದಾರೇನ? ಹಂಗಾರ ಮುಗೀತು," ಎನ್ನುತ್ತಿದ್ದರು.

ಕಾಕಾ ನಡೆಯುವ ರೀತಿ ನೋಡಲು ತಮಾಷೆಯಾಗಿತ್ತು. ಅಂಗಿಯ ಎಡ ಕಿಸೆಯಲ್ಲಿ ಹುಣಸೆ ಬೀಜ ತುಂಬಿಕೊಳ್ಳುತ್ತಿದ್ದರು. ನೂರು ಹೆಜ್ಜೆಗೆ ಒಂದು ಬೀಜ ಎಡ ಕಿಸೆಯಿಂದ ಬಲ ಕಿಸೆಗೆ. ದಾರಿಯಲ್ಲಿ ಯಾರು ಮಾತಾಡಿಸಿದರೂ ಲೆಕ್ಕ ತಪ್ಪುತ್ತಿರಲಿಲ್ಲ. ಕೊನೆಗೆ ಬಲ ಕಿಸೆಯನ್ನು ಚೀಲಕ್ಕೆ ಸುರಿದು ತರುತ್ತಿದ್ದರು. ಒಮ್ಮೆ ನಾನು ನಕ್ಕು, "ಕಾಕಾ, ಸರಪಳಿ ಹಿಡದು ಅಳೀಬಾರದೇನ್ರಿ?" ಎಂದು ಕೇಳಿದ್ದೆ.

"ಸರಪಳಿ ದಾರಿ ಅಳೀತೈತ್ರಿ. ಎತ್ತಿನ ದಮ್ಮ ಅಳಿಯೂದಿಲ್ಲ," ಎಂದರು. "ತುಂಬಿದ ಗಾಡಿ ಜೋಡಿ ನಡೀಬೇಕ್ರಿ. ಖಾಲಿ ಗಾಡಿ ಎಲ್ಲಿ ಬೇಕಲ್ಲಿ ಹೊಕ್ಕತಿ. ತುಂಬಿದ ಗಾಡಿ ಖರೇ ಹೇಳತೈತಿ."

ಆ ಮಾತು ನನ್ನ ಕಿವಿಗೆ ಬಿತ್ತು. ಕಿವಿಯಿಂದ ಒಳಗೆ ಇಳಿಯಲಿಲ್ಲ.

ಆ ವರ್ಷ ಫಾಲ್ಗುಣದಲ್ಲಿ ಖಾನಾಪುರದ ಆಚೆ ಒಂದು ಹಳ್ಳಕ್ಕೆ ಕಲ್ಲಿನ ಸೇತುವೆ ಕಟ್ಟುವ ಕೆಲಸ ಬಂತು. ಸಾವಕಾರರಿಗೆ ಅದು ಬೇಕೇ ಬೇಕಾಗಿತ್ತು, ಅಷ್ಟು ದೊಡ್ಡ ಕೆಲಸ ಅವರು ಅದುವರೆಗೆ ಹಿಡಿದಿರಲಿಲ್ಲ. ಸೇತುವೆಯೆಂದರೆ ಕಲ್ಲು, ಕಲ್ಲೆಂದರೆ ಸಾಗಣೆ. ಖಣಿಯಿಂದ ಹಳ್ಳಕ್ಕೆ ಗಾಡಿ ದಿನಕ್ಕೆ ಎಷ್ಟು ಖೇಪು ಹೊಡೆಯುತ್ತದೆ ಎಂಬ ಒಂದೇ ಸಾಲಿನ ಮೇಲೆ ಇಡೀ ದರ ನಿಂತಿತ್ತು. ಉಳಿದದ್ದನ್ನೆಲ್ಲ ಕಾಕಾ ಬರೆದು ಮುಗಿಸಿದ್ದರು. ಆ ಒಂದು ಸಾಲು ಉಳಿದಿತ್ತು. ಬುಧವಾರ ಹಾಳೆ ಪೆಟ್ಟಿಗೆಗೆ ಬೀಳಬೇಕು, ಸಾವಕಾರರು ಹುಬ್ಬಳ್ಳಿಗೆ ಹೋದವರು ಮಂಗಳವಾರ ಬರುವವರು.

ಶನಿವಾರ ಕಾಕೂ ಯಾರದೋ ಕೈಲಿ ಹೇಳಿಕಳಿಸಿ ನನ್ನನ್ನು ಮನೆಗೆ ಕರೆಸಿಕೊಂಡರು. ಹೋದರೆ ಕಾಕಾ ಗೋಡೆಗೆ ಒರಗಿ ಕೂತಿದ್ದಾರೆ. ಬಲ ಮೊಣಕಾಲು ಕುಂಬಳಕಾಯಿಯ ಹಾಗೆ ಊದಿದೆ, ಮೇಲೆ ಔಡಲ ಎಲೆ ಕಟ್ಟಿದ್ದಾರೆ. ಮುಂದಿನ ಮನೆಯಿಂದ ಮಗ್ಗದ ಸಪ್ಪಳ ಒಂದೇ ಸಮನೆ ಬರುತ್ತಿತ್ತು.

"ಕುಂದರ್ರಿ ಕಾರಕೂನ್ರ. ನನ್ನದೊಂದ ಉಪಕಾರ ಮಾಡ್ರಿ. ನಾಳೆ ಖಾನಾಪುರಕ್ಕ ಹೋಗಿ ಆ ಖಣಿ ದಾರಿ ನಡದ ಬರ್ರಿ."

"ಸಾವಕಾರರು ಬಂದ ಮ್ಯಾಲೆ ಹೇಳೂಣಲ್ರಿ ಕಾಕಾ? ಕಾಲು ಬ್ಯಾನಿ ಅಂದ್ರ ಅವರೇನ ಬ್ಯಾರೆ ತಿಳಕೋತಾರೇನ್ರಿ?"

ಕಾಕಾ ತಲೆ ಅಲ್ಲಾಡಿಸಿದರು. "ಹೇಳಬ್ಯಾಡ್ರಿ. ನಡಿಯೂ ಮೇಸ್ತ್ರಿ ಕಾಲ ಹೋತು ಅಂದ್ರ ಮೇಸ್ತ್ರಿನ ಹೋದಂಗ. ಎಂಟ ದಿನದಾಗ ಇಳೀತೈತಿ ಇದು. ಈ ಒಂದ ಸಲ..." ಎಂದು ನಿಲ್ಲಿಸಿ, ಬೀಜದ ಚೀಲವನ್ನು ನನ್ನ ಕೈಗೆ ಕೊಟ್ಟರು. "ನೂರಕ್ಕೊಂದು. ತುಂಬಿದ ಗಾಡಿ ಜೋಡಿ ನಡೀರಿ. ಅದನ್ನಷ್ಟ ಮರೀಬ್ಯಾಡ್ರಿ."

"ಆತ್ರಿ ಕಾಕಾ," ಎಂದೆ. ನಿಜವಾಗಿ ಹೆಮ್ಮೆಯಾಗಿತ್ತು. ಕಾಕಾ ತಮ್ಮ ಚೀಲವನ್ನು ಬೇರೆ ಯಾರ ಕೈಗೂ ಕೊಟ್ಟವರಲ್ಲ.

ಇನ್ನು ನನ್ನ ಬೂಟಿನ ಕತೆ ಹೇಳಬೇಕು. ಹೇಳಲು ನಾಚಿಕೆ. ಒಬ್ಬ ಮನುಷ್ಯನ ಬಾಳು ಕೆಟ್ಟದ್ದಕ್ಕೆ ಕಾರಣ ಹುಡುಕಿದರೆ ಯಾವುದಾದರೂ ದೊಡ್ಡ ದುರಾಸೆ, ದೊಡ್ಡ ಹಗೆ ಸಿಗಬೇಕು. ನನ್ನ ಹತ್ತಿರ ಇರುವುದು ಒಂದು ಜೋಡಿ ಬೂಟು. ಹಿಂದಿನ ವಾರವಷ್ಟೇ ದಂಡಿನ ಕ್ಯಾಂಪಿನ ಅಂಗಡಿಯಲ್ಲಿ ಕೊಂಡದ್ದು, ಕರಿ ಚರ್ಮದ್ದು, ನಡೆದರೆ ಕರಕರ ಎನ್ನುವುದು. ಖಾನಾಪುರದ ಸ್ಟೇಶನ್ನಿನಲ್ಲಿ ನಾಲ್ಕು ಜನ ನೋಡಲಿ ಎಂದು ಅದನ್ನೇ ಹಾಕಿಕೊಂಡು ಹೋದೆ. ಹೆಂಡತಿ, "ಗುಡ್ಡ ತಿರಗಾಕ ಹೊಂಟೀರಿ, ಹಳೇ ಚಪ್ಪಲಿ ಹಾಕ್ಕೋರಿ," ಎಂದಳು. ಹೆಂಡತಿಯ ಮಾತು ಕೇಳುವ ವಯಸ್ಸಲ್ಲ ಅದು.

ಸ್ಟೇಶನ್ನಿನಿಂದ ಹಳ್ಳದ ತನಕ ನಡೆಯುವಷ್ಟರಲ್ಲಿ ಎಡ ಹಿಮ್ಮಡಿ ಸುಲಿದು ಗುಳ್ಳೆ ಎದ್ದಿತು. ಹಳ್ಳದ ಬಳಿ ರಸ್ತೆಯ ಕೆಲಸಕ್ಕೆಂದು ಅದೇ ಖಣಿಯ ಕಲ್ಲು ತಂದು ಸುರಿಯುತ್ತಿದ್ದರು. ಅಮಾವಾಸ್ಯೆ ಬಿಟ್ಟರೆ ಖಣಿಗೆ ರಜೆ ಇಲ್ಲ, ಐದಾರು ಗಾಡಿ ಓಡಾಡುತ್ತಿದ್ದವು. ಕಲ್ಲು ಇಳಿಸಿ ವಾಪಸು ಹೊರಟ ಒಬ್ಬ ಗಾಡಿಯವ ನನ್ನ ಕುಂಟುವಿಕೆ ನೋಡಿ, "ಬರ್ರಿ ಸಾಹೇಬ, ಕುಂದರ್ರಿ," ಎಂದ. ಸಾಹೇಬ ಎಂದದ್ದು ಹಿತವಾಯಿತು, ಹತ್ತಿ ಕೂತೆ. ಖಾಲಿ ಗಾಡಿ ಗುಡ್ಡದ ಬಲಗಡೆಯ ಒಂದು ಕಡಿದಾದ ಏರು ಹತ್ತಿ, ಮರಗಳ ನಡುವೆ ನುಸುಳಿ, ನೋಡನೋಡುವಷ್ಟರಲ್ಲಿ ಖಣಿಗೆ ತಲುಪಿತು. ಇಷ್ಟೇ ದೂರವೇ ಎಂದು ಖುಷಿಯಾಯಿತು.

ಖಣಿಯಲ್ಲಿ ಒಂದು ಗಾಡಿ ಕಲ್ಲು ತುಂಬಿ ಹೊರಡಲು ಸಿದ್ಧವಾಗಿತ್ತು. ನಾನು ನಡೆಯಬೇಕಾದದ್ದು ಅದರ ಜೊತೆ. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲೆ. ಬೂಟು ಬಿಚ್ಚಿ ಗುಳ್ಳೆಯನ್ನು ನೋಡಿಕೊಳ್ಳುತ್ತ ಕೂತಿದ್ದೆ. ಗಾಡಿಯವ ತನ್ನ ಮರಾಠಿ ಬೆರೆತ ಮಾತಿನಲ್ಲಿ ಬರುತ್ತೀರಾ ಎಂದು ಕೇಳಿದ. ನೀನು ನಡಿ, ಹಿಂದಿನಿಂದ ಬರುತ್ತೇನೆ ಎಂದೆ. ಗಾಡಿ ಕಿರುಗುಡುತ್ತ ಮುಂದೆ ಹೋಯಿತು, ದೊಡ್ಡ ಮತ್ತಿ ಮರದ ಹತ್ತಿರ ಎಡಕ್ಕೆ ತಿರುಗಿತು. ನಾನು ಬಂದದ್ದು ಬಲಗಡೆಯಿಂದ.

ಅದನ್ನು ನಾನು ಕಣ್ಣಾರೆ ಕಂಡೆ. ಕಾಣಲಿಲ್ಲ ಎಂದು ನಲವತ್ತು ವರ್ಷದಲ್ಲಿ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಆಗಲಿಲ್ಲ. ಗಾಡಿ ಎಡಕ್ಕೆ ತಿರುಗಿದ್ದನ್ನು ಕಂಡೆ. ಹೋಗಲಿ, ಎಲ್ಲೋ ಮುಂದೆ ಎರಡೂ ದಾರಿ ಕೂಡುತ್ತವೆ ಎಂದುಕೊಂಡೆ. ಹೋದರೇನು ಬಂದರೇನು, ಗುಡ್ಡ ಒಂದೇ ಅಲ್ಲವೇ ಎಂದುಕೊಂಡೆ. ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಬೂಟನ್ನು ಕೈಯಲ್ಲಿ ಹಿಡಿದು, ಬಂದ ಕಡಿದಾದ ದಾರಿಯಲ್ಲೇ ಇಳಿದು ಸಂಜೆಯ ರೈಲು ಹಿಡಿದೆ. ಹೆಜ್ಜೆಯನ್ನೂ ಎಣಿಸಲಿಲ್ಲ. ರೈಲಿನಲ್ಲಿ ಕೂತು, ಒಂದೂಕಾಲು ಮೈಲು ಇದ್ದೀತು ಎಂದು ಅಂದಾಜು ಮಾಡಿ, ಇಪ್ಪತ್ತೇಳು ಬೀಜ ಎಣಿಸಿ ಚೀಲದಲ್ಲಿ ಬಿಟ್ಟೆ. ಉಳಿದದ್ದನ್ನು ಕೋಟಿನ ಕಿಸೆಗೆ ಹಾಕಿಕೊಂಡೆ. ಎದುರಿಗೆ ಕೂತ ಮುದುಕಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಹುಣಸೆ ಬೀಜ ಎಣಿಸುವ ಬೂಟಿನ ಸಾಹೇಬನನ್ನು ಅವಳು ಮೊದಲ ಸಲ ಕಂಡಿರಬೇಕು.

ಮರುದಿನ ಬೆಳಿಗ್ಗೆ ವಡಗಾವಿಗೆ ಹೋದೆ. ಕಾಕಾ ಚೀಲ ಸುರಿದು ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಇಪ್ಪತ್ತೇಳ ಏನ್ರಿ? ಕಡಿಮಿ ಆತಲ್ಲ..." ಎಂದು ನನ್ನ ಮುಖ ನೋಡಿದರು. "ನಡದ್ರೊ, ಕೇಳಿದ್ರೊ?"

"ನಡದೇನ್ರಿ."

"ತುಂಬಿದ ಗಾಡಿ ಜೋಡಿ?"

"ಹೌದ್ರಿ."

ಆಗ ಅವರ ಕಣ್ಣು ನನ್ನ ಕಾಲಿಗೆ ಬಿತ್ತು. ಬೂಟು ಹಾಕಲಾಗದೆ ಚಪ್ಪಲಿಯಲ್ಲಿ ಬಂದಿದ್ದೆ, ಹಿಮ್ಮಡಿ ಕೆಂಪಗೆ ಸುಲಿದಿತ್ತು. ಹೊಸ ಬೂಟು ಕಡಿಯಿತು ಎಂದೆ. ಕಾಕಾ, "ಅರೇ ರಾಮಾ," ಎಂದು ಕಾಕೂಗೆ ಕೂಗಿ ಕೊಬ್ಬರಿ ಎಣ್ಣೆ ಅರಿಸಿನ ತರಿಸಿದರು. ಬೇಡ ಬೇಡ ಎಂದರೂ ಕೇಳದೆ, ತಮ್ಮ ಊದಿದ ಕಾಲನ್ನು ಒಂದು ಕಡೆಗೆ ಚಾಚಿ, ನನ್ನ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿದರು. ಕಲ್ಲು ಒಡೆದು ಒರಟಾದ ಬೆರಳು ಎಷ್ಟು ಹಗುರಾಗಿ ಆಡಿದವೆಂದರೆ ನೋವೇ ಆಗಲಿಲ್ಲ.

"ಖರೇ ನಡದೀರಿ ನೋಡ್ರಿ ಮತ್ತ," ಎಂದರು.

ಹೇಳಬಹುದಾಗಿತ್ತು. ಆ ಕ್ಷಣದಲ್ಲಿ ಬಾಯಿ ಬಿಟ್ಟಿದ್ದರೆ ಕಾಕಾ ನಾಲ್ಕು ಮಾತು ಬೈದು 'ಕೇಳಿದ್ದು' ಎಂದು ಬರೆಯುತ್ತಿದ್ದರು. ಸಾವಕಾರರು ದರ ಏರಿಸುತ್ತಿದ್ದರು, ಇಲ್ಲವೇ ಮತ್ತೊಬ್ಬನನ್ನು ಓಡಿಸುತ್ತಿದ್ದರು. ಇನ್ನೂ ಎರಡು ದಿನ ಇತ್ತು. ಆದರೆ ಎಣ್ಣೆ ಹಚ್ಚಿಸಿಕೊಂಡ ಮೇಲೆ ಹೇಳುವುದು ಹೇಗೆ? ನಾನು ಕಾಲು ಎಳೆದುಕೊಂಡೆ. ಕಾಕಾ, ನಾನು ಗಾದಿಯಿಂದ ತಂದಿದ್ದ ವಹಿ ತೆರೆದು ಬರೆದರು. ಕಲ್ಲು, ಖಣಿಯಿಂದ ಹಳ್ಳಕ್ಕೆ, ಇಪ್ಪತ್ತೇಳು ಬೀಜ, ದಿನಕ್ಕೆ ನಾಲ್ಕು ಖೇಪು. ಅಷ್ಟು ಬರೆದು ಲೇಖನಿ ತಡೆದರು. ಅವರು ತಾವು ನಡೆಯದ ದಾರಿಗೆ 'ನಡೆದದ್ದು' ಎಂದು ಹಿಂದೆ ಬರೆದವರಲ್ಲ.

"ಈ ಸಲ ನಿಮ್ಮ ಕಾಲ ನನ್ನ ಕಾಲ ಅಂತ ತಿಳಕೋತೇನಿ," ಎಂದು ಹೇಳಿ ಆ ಒಂದು ಮಾತು ಬರೆದುಬಿಟ್ಟರು.

ಕೆಲಸ ನಮಗೇ ಸಿಕ್ಕಿತು. ಸಾವಕಾರರು ಎಲ್ಲರಿಗೂ ಪೇಢೆ ಹಂಚಿದರು. ಎರಡನೆಯವರ ದರಕ್ಕೂ ನಮ್ಮದಕ್ಕೂ ಅಂತರ ಬಹಳ ಇತ್ತಂತೆ, ಕಚೇರಿಯವರೇ ನಕ್ಕರಂತೆ. ಸಾವಕಾರರು ಅದನ್ನು ದೊಡ್ಡಸ್ತಿಕೆಯಿಂದ ಹೇಳುತ್ತಿದ್ದರೆ ಕಾಕಾ ಪೇಢೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದರು. "ಅಷ್ಟ ಅಂತರ ಯಾಕ ಬಿತ್ತು?" ಎಂದು ತಮ್ಮಷ್ಟಕ್ಕೇ ಅಂದದ್ದು ನನಗೆ ಕೇಳಿಸಿತು. ಆ ಮೇಲೆ ಮಳೆಗಾಲ ಬಂತು. ನಾಲ್ಕು ತಿಂಗಳು ಯಾರೂ ಆ ಕಡೆ ಹೋಗಲಿಲ್ಲ. ಕಾಕಾರ ಮೊಣಕಾಲಿನ ಬಾವು ಇಳಿಯಿತು, ಆದರೆ ಕಾಲು ಮೊದಲಿನ ಹಾಗೆ ಮಡಚಲಿಲ್ಲ.

ದೀಪಾವಳಿ ಮುಗಿಸಿ ಕೆಲಸ ಶುರುವಾಯಿತು. ಮೊದಲ ದಿನ ಸಾವಕಾರರು, ಕಾಕಾ, ನಾನು ಹಳ್ಳದ ಬಳಿ ಕಲ್ಲಿನ ಗಾಡಿ ಕಾಯುತ್ತ ನಿಂತೆವು. ಹತ್ತು ಗಾಡಿ ಬೆಳಿಗ್ಗೆಯೇ ಖಣಿಗೆ ಹೋಗಿದ್ದವು. ಬಿಸಿಲು ಏರಿತು, ಒಂದೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೊದಲನೆಯ ಗಾಡಿ ಬಂತು. ಗುಡ್ಡದ ಕಡೆಯಿಂದ ಅಲ್ಲ, ಕೆಳಗೆ ದೂರದಲ್ಲಿ ಹಳ್ಳವನ್ನು ದಾಟಿ, ಬಯಲು ಸುತ್ತಿಕೊಂಡು. ಎತ್ತುಗಳ ಬಾಯಲ್ಲಿ ನೊರೆ.

ಸಾವಕಾರರು ಗಾಡಿಯವನನ್ನು ಗದರಿಸಿದರು. "ಯಾಕೋ, ಇಲ್ಲೆ ಬಾಜೂಕ ದಾರಿ ಬಿಟ್ಟು ಊರ ಸುತ್ತಿ ಬರತಿ?"

ಗಾಡಿಯವ ಕಣ್ಣರಳಿಸಿದ. "ಕಲ್ಲ ಭರಲೇಲಿ ಗಾಡಿ ಆ ಇಳಿಜಾರ ಹೆಂಗ ಇಳೀತೈತ್ರಿ ಸಾವಕಾರ್ರ? ಎತ್ತಿನ ಗೋಣ ಮುರೀತೈತಿ. ಅದು ಖಾಲಿ ಗಾಡಿ ಹತ್ತೂ ದಾರಿ. ತುಂಬಿದ ಗಾಡಿ ಹಿಂದಿನಿಂದ್ಲೂ ಹಿಂಗ ಬರೂದು." ದಿನಕ್ಕೆ ಎರಡೇ ಖೇಪು, ಹೆಚ್ಚು ಕೇಳಿದರೆ ನಾಳೆಯಿಂದ ಬರುವುದಿಲ್ಲ ಎಂದೂ ಹೇಳಿದ.

ಸಾವಕಾರರು ಕಾಕಾರ ಕಡೆಗೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಾಕಾ, ವಹಿಯೊಳಗ ನಡದದ್ದು ಅಂತ ಬರದೈತಲ್ರಿ?" ಎಂದು ಕೇಳಿದರು, ಸಣ್ಣ ದನಿಯಲ್ಲಿ.

ಕಾಕಾ ನನ್ನ ಮುಖ ನೋಡಲಿಲ್ಲ. ನನ್ನ ಬೂಟು ನೋಡಿದರು. ಅದೇ ಬೂಟು, ಆ ಹೊತ್ತಿಗೆ ಕಾಲಿಗೆ ಹದವಾಗಿತ್ತು. "ಬರದದ್ದು ನನ್ನ ಕೈ ಐತ್ರಿ," ಎಂದರು.

ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಹೆಂಡತಿ ಬಸುರಿಯಾಗಿದ್ದಳು, ನೌಕರಿ ಹೋದರೆ ಗತಿಯೇನು ಎಂದೆಲ್ಲ ಆಗ ತಲೆಯಲ್ಲಿ ಬಂದದ್ದು ನಿಜ. ಅವೆಲ್ಲ ನೆವ. ಬಾಯಿ ಇತ್ತು, ತೆರೆಯಲಿಲ್ಲ.

ಸಾವಕಾರರು ಮಾತಿಗೆ ನಿಂತ ಮನುಷ್ಯ. ಸಾಂಬ್ರಾದ ಕಡೆ ಇದ್ದ ಒಳ್ಳೆಯ ಹೊಲ ಮಾರಿ ಸೇತುವೆ ಮುಗಿಸಿದರು. ಕಾಕಾರನ್ನು ಅವರು ಹೋಗು ಎನ್ನಲಿಲ್ಲ, ಆದರೆ ಮುಂದಿನ ಕೆಲಸಕ್ಕೆ ಬಾ ಎಂದೂ ಅನ್ನಲಿಲ್ಲ. ಸುದ್ದಿ ಊರೆಲ್ಲ ಹರಡಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂವತ್ತು ವರ್ಷ ನಡೆದು ಗಳಿಸಿದ ಹೆಸರು ಒಂದು ಸಾಲಿಗೆ ಹೋಯಿತು. "ಕಾಕಾನ ನಡದದ್ದೂ ಈಗ ಕೇಳಿದ್ದ ಆಗೈತ್ರಿ," ಎಂದು ಬೇರೆ ಗುತ್ತೇದಾರರು ನಗುವುದನ್ನು ನಾನೇ ಕೇಳಿದ್ದೇನೆ. ಯಾರೂ ಅವರನ್ನು ಕರೆಯಲಿಲ್ಲ. ಆಧಾರದ ವಹಿ ನನ್ನ ಕೈಗೆ ಬಂತು. ಸಂಬಳವೂ ಏರಿತು. ನಾನು ಬೇಡ ಎನ್ನಲಿಲ್ಲ. ಒಂದು ಮಾತು ಹೇಳಲೇಬೇಕು, ಅಂದಿನಿಂದ ಒಂದು ದಾರಿಯನ್ನೂ ತುಂಬಿದ ಗಾಡಿಯ ಜೊತೆ ನಡೆಯದೆ ಬರೆಯಲಿಲ್ಲ. ಜನ ನನ್ನನ್ನು ಹೊಗಳುತ್ತಿದ್ದರು, ಕಾಕಾನ ಶಿಷ್ಯ ಕಾಕಾನನ್ನೇ ಮೀರಿಸಿದ ಎಂದು. ಆ ಹೊಗಳಿಕೆ ಹೇಗೆ ಚುಚ್ಚುತ್ತಿತ್ತು ಎಂದು ಹೇಳಲಾರೆ.

ಎರಡು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಓಣಿಯಲ್ಲಿ, "ಬೀಸೂಕಲ್ಲ ಹೊಡಸ್ತೀರೇನ್ರೀ..." ಎಂಬ ಕೂಗು ಕೇಳಿತು. ಬೀಸುಕಲ್ಲು ಸವೆದು ನುಣುಪಾದರೆ ಉಳಿಯಿಂದ ಹೊಡೆದು ಮತ್ತೆ ಹರಿತ ಮಾಡಿಕೊಡುವವರು ಹಾಗೆ ಮನೆ ಮನೆ ತಿರುಗುತ್ತಿದ್ದರು. ಕಲ್ಲಿನ ಕೆಲಸದಲ್ಲಿ ಅದಕ್ಕಿಂತ ಕೆಳಗಿನದು ಇಲ್ಲ. ದನಿ ಕೇಳಿದ ಕೂಡಲೇ ಗುರುತು ಹಿಡಿದೆ. ಎದ್ದು ನಡುಮನೆಗೆ ಹೋಗಿ ಬಾಗಿಲ ಮರೆಗೆ ನಿಂತುಬಿಟ್ಟೆ. ಹೆಂಡತಿ ಕಾಕಾರನ್ನು ಕಂಡವಳಲ್ಲ, ಕರೆದು ಕಲ್ಲು ತೋರಿಸಿದಳು.

ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಪಡಸಾಲೆಯಲ್ಲಿ ಕೂತು, ಬಲಗಾಲನ್ನು ಕೋಲಿನ ಹಾಗೆ ನೇರ ಚಾಚಿ, ಟಕ್ ಟಕ್ ಎಂದು ಹೊಡೆಯುತ್ತಿದ್ದರು. ಸೇತುವೆಯ ಕಮಾನು ಕೂಡಿಸಿದ ಕೈ. ಅರ್ಧ ತಾಸು ಆ ಸಪ್ಪಳ ಕೇಳುತ್ತ ನಿಂತಿದ್ದೆ. ಕೆಲಸ ಮುಗಿಸಿ ಕಾಕಾ ಮೈಮೇಲಿನ ಪುಡಿ ಕೊಡವಿಕೊಂಡು, "ಮನಿಯವರು ಅದಾರೇನ್ರಿ ತಂಗಿ?" ಎಂದು ಕೇಳಿದರು.

ಹೆಂಡತಿ ಒಳಗೆ ತಿರುಗಿ ನೋಡಿದಳು. ನಾನು ತಲೆ ಅಲ್ಲಾಡಿಸಿದೆ.

"ಇಲ್ರಿ," ಎಂದಳು.

ನನ್ನ ಬೂಟು ಹೊಸ್ತಿಲ ಪಕ್ಕದಲ್ಲೇ ಇತ್ತು. ಕಾಕಾ ಅದನ್ನು ನೋಡಿ ಸಣ್ಣಗೆ ನಕ್ಕರು. ಸೊಂಟದಿಂದ ಚೀಲ ಬಿಚ್ಚಿ ಅವಳ ಕೈಗೆ ಕೊಟ್ಟರು.

"ಇದನ್ನ ಅವರಿಗೆ ಕೊಡವಾ. ಎಪ್ಪತ್ತೊಂದ ಅದಾವು. ಮೊನ್ನೆ ಮಗಳ ಊರಿಗೆ ಹೊಂಟಾಗ ಖಾನಾಪುರದಾಗ ಇಳದು ತುಂಬಿದ ಗಾಡಿ ಜೋಡಿ ನಡದ ಬಂದೆ ಅನ್ನು. ವಹಿಯೊಳಗ ತಿದ್ದಿ ಬರ್ಯಾಕ ಹೇಳು. ಅದನ್ನ ನೋಡಿ ಮುಂದ ಯಾರೂ ಕೆಡಬಾರದು." ಉಳಿ ಸುತ್ತಿಗೆ ಎತ್ತಿಕೊಂಡು, ಗೋಡೆ ಹಿಡಿದು ಮೇಲೆದ್ದು, ಹೊಸ್ತಿಲ ಬಳಿ ಮತ್ತೆ ನಿಂತರು. "ಆ ಬೂಟ ಈಗ ಕಡಿಯೂದಿಲ್ಲೇನ ಅಂತ ಕೇಳವಾ ಅವರನ್ನ."

ಮಡಚದ ಕಾಲನ್ನು ಎಳೆಯುತ್ತ ಮೂರೂವರೆ ಮೈಲು. ಆ ಗುಡ್ಡ, ಆ ಬಯಲು, ಹಳ್ಳದ ನೀರು. ಯಾರೂ ಕೇಳಿರಲಿಲ್ಲ, ಯಾರೂ ಕೂಲಿ ಕೊಡುವವರಿರಲಿಲ್ಲ. ವಹಿಯಲ್ಲಿ ಒಂದು ಸಾಲು ತಪ್ಪು ಉಳಿದಿದೆ ಎಂದು ನಡೆದರು.

ಅಂದು ಹಿಟ್ಟು ಎಷ್ಟು ನಯವಾಗಿ ಬಿತ್ತು ಎಂದು ಹೆಂಡತಿ ಹೊಗಳಿದಳು. ನಾನು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದೆ. "ಯಾರ್ರೀ ಅವರು?" ಎಂದು ಕೇಳಿದಳು. ಹಳೆಯ ಪರಿಚಯ ಎಂದೆ. ಅವಳು ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ನನ್ನ ಬೂಟಿಗೆ ಎಣ್ಣೆ ಹಚ್ಚುವುದನ್ನು ಬಿಟ್ಟಳು.

ವಹಿ ತಿದ್ದಲಿಲ್ಲ. ತಿದ್ದಿದರೆ ಯಾಕೆ ತಿದ್ದಿದೆ, ಮೊದಲು ನಡೆದವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ಇಂದು ನಾಳೆ ಎಂದೆ. ವಡಗಾವಿಗೆ ಹೋಗಿ ಕಾಲು ಹಿಡಿಯಬೇಕು ಎಂದು ಎಷ್ಟೋ ಸಲ ಹೊರಟು ಓಣಿಯ ತುದಿಯಿಂದ ತಿರುಗಿ ಬಂದೆ. ಕೊನೆಗೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಹೋದಾಗ ಆ ಖೋಲಿಯಲ್ಲಿ ಬೇರೆಯವರಿದ್ದರು. ಮುಂದಿನ ಮನೆಯ ನೇಕಾರ ಮಗ್ಗ ನಿಲ್ಲಿಸಿ ಹೊರಗೆ ಬಂದ. "ಕಾಕಾ ಆಷಾಢದಾಗ ತೀರಿಕೊಂಡ್ರಲ್ರಿ. ಕಾಕೂನ್ನ ಮಗಳು ಗುಂಜಿಗೆ ಕರಕೊಂಡ ಹೋದ್ಲು. ನಿಮಗ ಗೊತ್ತಿಲ್ಲೇನ್ರಿ?" ಎಂದ. ಗುಂಜಿ ಏನು ಕಾಶಿಯೇ, ರೈಲಿನಲ್ಲಿ ಕೂತರೆ ಬರುವ ಊರು. ಅಲ್ಲಿಗೂ ಹೋಗಲಿಲ್ಲ. ಕಾಕೂ ಎದುರಿಗೆ ಬಂದು ಬರ್ರಿ ಕುಂದರ್ರಿ ಎಂದರೆ ಏನು ಮಾಡುವುದು ಎಂಬ ಹೆದರಿಕೆ.

ಸಾವಕಾರರ ತರುವಾಯ ಅವರ ಮಕ್ಕಳು ಗುತ್ತಿಗೆ ಬಿಟ್ಟು ಅಂಗಡಿ ಹಾಕಿದರು. ಆಧಾರದ ವಹಿಗಳನ್ನೆಲ್ಲ ಗೆದ್ದಲು ತಿಂದಿತೆಂದು ಒಲೆಗೆ ಹಾಕಿದರಂತೆ. ಕಾಕಾರ ಸೊಟ್ಟ ಅಕ್ಷರದಲ್ಲಿ ಆ ಸುಳ್ಳು ಹಾಗೇ ಬೂದಿಯಾಯಿತು. ಸಾವಕಾರರಾಗಲಿ ಊರಿನವರಾಗಲಿ ನಿಜ ತಿಳಿಯದೆಯೇ ಹೋದರು.

ಹೋದ ವರ್ಷ ಮಗನ ಜೊತೆ ಖಾನಾಪುರದ ಕಡೆಗೆ ಹೋದಾಗ ಆ ಸೇತುವೆಯ ಬಳಿ ಬಸ್ಸು ಇಳಿದೆ. ಸೇತುವೆ ಗಟ್ಟಿಯಾಗಿದೆ, ಒಂದು ಕಲ್ಲೂ ಸರಿದಿಲ್ಲ. ಅಡುಗೆಮನೆಯಿಂದ ಒಂದು ಹಿಡಿ ಹುಣಸೆ ಬೀಜ ಎಡ ಕಿಸೆಗೆ ಹಾಕಿಕೊಂಡು ಹೋಗಿದ್ದೆ, ಖಣಿಯ ತನಕ ಈಗಲಾದರೂ ಒಮ್ಮೆ ನಡೆಯೋಣ ಎಂದು. ಮೂರನೆಯ ಬೀಜ ಬಲ ಕಿಸೆಗೆ ಬೀಳುವಷ್ಟರಲ್ಲಿ ನನ್ನ ಮೊಣಕಾಲು ಕೂತಿತು. ದಾರಿಯ ಬದಿಯಲ್ಲಿ ಕಲ್ಲಿನ ಮೇಲೆ ಕುಳಿತೆ. ಮಗ, "ಅಪ್ಪಾ, ಏನ ಹುಡಕಾಕ ಹೊಂಟೀರಿ ಇಲ್ಲೆ?" ಎಂದು ಬೇಸರದಿಂದ ಕೇಳಿದ. ಏನೂ ಇಲ್ಲ ಎಂದೆ.

ಸೊಸೆ ಈಗ ಬಾಗಿಲಿಗೆ ಬಂದು ನಿಂತು ನೋಡಿ ಹೋದಳು. ಬೀಜಗಳನ್ನು ಮತ್ತೆ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೇನೆ. ಕಾಕಾ ಇಲ್ಲ, ಕಾಕೂ ಇರಲಾರರು, ತಿದ್ದುವುದಕ್ಕೆ ಆ ವಹಿಯೂ ಇಲ್ಲ. ಅವರು ಹೇಳಿಕಳಿಸಿದ ಕೆಲಸ ಮಾತ್ರ ಹಾಗೇ ಉಳಿದಿದೆ. ಆದ್ದರಿಂದ ಅದನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಕಲ್ಲು, ಖಣಿಯಿಂದ ಹಳ್ಳಕ್ಕೆ, ತುಂಬಿದ ಗಾಡಿಯ ದಾರಿ. ಎಪ್ಪತ್ತೊಂದು ಬೀಜ. ದಿನಕ್ಕೆ ಎರಡೇ ಖೇಪು. ಕಾಕಾ ನಡೆದದ್ದು. ನಾನು ಕೇಳಿದ್ದು.